ರೈಫಲ್ಲಿಗೊಂದು ಜೋಡಿ

ಭಾನುವಾರ ಬೆಳಿಗ್ಗೆ ಫೋನ್ ಬಂದರೆ ಅದು ಅಂಕಲ್‌ದೇ ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಪ್ಲಿಮತ್‌ನಲ್ಲಿ ಎಂಟಾದರೆ ಶಿಕಾಗೋ ಪಕ್ಕದ ನಮ್ಮ ಲೊಂಬಾರ್ಡಿನಲ್ಲಿ ಏಳು. ಆ ಒಂದು ಗಂಟೆಯ ವ್ಯತ್ಯಾಸ ಅವರ ತಲೆಗೆ ಯಾವತ್ತೂ ಹೋಗಲಿಲ್ಲ. ಹೋಗಿದ್ದರೂ ಅದಕ್ಕೆ ಅವರು ಸೊಪ್ಪು ಹಾಕಿದವರಲ್ಲ. ಹೋದ ತಿಂಗಳ ಒಂದು ಭಾನುವಾರ ಹಾಗೆಯೇ ಫೋನ್ ಬಂತು. ನಿದ್ದೆಗಣ್ಣಲ್ಲಿ ಎತ್ತಿಕೊಂಡು, ರೂಢಿಯಂತೆ, "ಸಿಕ್ತಾ ಅಂಕಲ್?" ಎಂದೆ.

ಆ ಕಡೆ ಇದ್ದದ್ದು ಆಂಟಿ. "ಇವರು ಹೋಗ್ಬಿಟ್ರು ಕಣೆ," ಎಂದರು. ಊಟ ಮಾಡಿ ಮಲಗಿದವರು ಬೆಳಿಗ್ಗೆ ಏಳಲಿಲ್ಲವಂತೆ. "ಹಾರ್ಟು. ನಿದ್ದೇಲೇ ಆಗಿರೋದು. ಬೇರೇನೂ ಅಲ್ಲ."

ಆ 'ಬೇರೇನೂ ಅಲ್ಲ' ಎಂಬ ಮಾತು ಬೇರೆ ಯಾರಿಗಾದರೂ ವಿಚಿತ್ರವಾಗಿ ಕೇಳಿಸೀತು. ನನಗೆ ಮಾತ್ರ ಅದು ಯಾಕೆ ಎಂದು ಗೊತ್ತಿತ್ತು. ಅದನ್ನು ಕೇಳಿದ ಮೇಲೆಯೇ ನನಗೆ ಅಳು ಬಂದದ್ದು.

ಅವರು ನನಗೆ ನೆಂಟರಲ್ಲ. ರಿಸೆಷನ್ ಶುರುವಾಗುವ ಹೊತ್ತಿಗೆ ನಾನು ಮದುವೆಯಾಗಿ ಮೈಸೂರಿನಿಂದ ಮಿಶಿಗನ್ನಿನ ಪ್ಲಿಮತ್‌ಗೆ ಬಂದಿದ್ದೆ. ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಸಬ್‌ಡಿವಿಷನ್ ಎಂಬ ಬಡಾವಣೆಯಲ್ಲಿ ಅವರ ಮನೆ. ಕೊಡಗಿನವರು, ಓದಿದ್ದೆಲ್ಲ ಮೈಸೂರಿನಲ್ಲಿ. ಕಾರುಗಳಿಗೆ ಬಿಡಿಭಾಗ ಮಾಡಿಕೊಡುವ ಕಂಪನಿಯೊಂದರಲ್ಲಿ ಕ್ವಾಲಿಟಿ ಎಂಜಿನಿಯರ್. ಮೊದಲ ಸಲ ಕನ್ನಡ ಸಂಘದ ಊಟದಲ್ಲಿ ಸಿಕ್ಕಾಗ ನಾನು ಮೈಸೂರಿನವಳು ಎಂದದ್ದೇ ತಪ್ಪಾಯಿತು. ಅವತ್ತಿನಿಂದ ನನ್ನ ಹೆಸರು ಅವರ ಬಾಯಲ್ಲಿ ಬರಲೇ ಇಲ್ಲ. "ಏನ್ ಮೈಸೂರು, ಸಾರು ಮಾಡಿದೀಯಾ?" "ಮೈಸೂರು, ನಿನ್ನ ಗಂಡನಿಗೆ ಬುದ್ಧಿ ಹೇಳು." ಊರಿಗೆ ಊರನ್ನೇ ನನ್ನ ತಲೆ ಮೇಲೆ ಹೊರಿಸಿಬಿಟ್ಟಿದ್ದರು.

ಅವರ ಶರಟಿನ ಜೇಬಿನಲ್ಲಿ ಪೆನ್ನು ಇಲ್ಲದಿದ್ದರೂ ವರ್ನಿಯರ್ ಕ್ಯಾಲಿಪರ್ ಇರುತ್ತಿತ್ತು. ನಾವೆಲ್ಲ ಕಾಲೇಜಿನ ಲ್ಯಾಬಿನಲ್ಲಿ ದಪ್ಪ ಅಳೆಯಲು ಒಂದು ಸಲ ಹಿಡಿದು ಮರೆತ ಅದೇ ಉಪಕರಣ. ನಾನು ದೀಪಾವಳಿಗೆ ಚಕ್ಕುಲಿ ಕೊಟ್ಟರೆ ತಿನ್ನುವ ಮೊದಲು ಅದಕ್ಕೆ ಕ್ಯಾಲಿಪರ್ ಹಚ್ಚಿ, ಇನ್ನೊಂದು ಚಕ್ಕುಲಿಗೂ ಹಚ್ಚಿ, "ರಿಜೆಕ್ಟ್," ಎಂದು ಹೇಳಿ ಎರಡನ್ನೂ ತಿನ್ನುತ್ತಿದ್ದರು. ಯಾರಾದರೂ ಯಾವುದರ ಬಗ್ಗೆಯಾದರೂ ಖಡಾಖಂಡಿತವಾಗಿ ಮಾತನಾಡಿದರೆ, "ನೋಡಿ ಹೇಳ್ಬೇಡ, ಅಳೆದು ಹೇಳು," ಎನ್ನುವುದು ಅವರ ಅಭ್ಯಾಸ. ಇಂಥ ಮನುಷ್ಯ ಜೀವಮಾನದಲ್ಲಿ ಅಳೆಯದೆ ಕೊಂಡದ್ದು ಒಂದೇ ವಸ್ತು. ಅದೊಂದು ರೈಫಲ್ಲು.

ಕೊಡಗಿನವರ ಮನೆಯಲ್ಲಿ ಕೋವಿ ಎಂದರೆ ನಮ್ಮ ಮನೆಯಲ್ಲಿ ದೇವರ ಪೆಟ್ಟಿಗೆ ಇದ್ದ ಹಾಗೆ. ಗಂಡುಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು, ಸಾವಾದರೆ ಎರಡು. ಅದನ್ನು ಕೇಳಿಯೇ ಊರಿಗೆ ಸುದ್ದಿ. ಸೆಪ್ಟೆಂಬರ್ ಮೊದಲಲ್ಲಿ ಕೈಲ್ ಮುಹೂರ್ತ ಎಂಬ ಹಬ್ಬ, ಅವತ್ತು ಕೋವಿಗೆ ಹೂವಿಟ್ಟು ಪೂಜೆ, ಆಮೇಲೆ ತೆಂಗಿನಕಾಯಿ ಕಟ್ಟಿ ಗುರಿ ಹೊಡೆಯುವ ಪಂದ್ಯ. ಊರಿನ ಕೋವಿಯನ್ನು ಮಿಶಿಗನ್ನಿಗೆ ತರುವ ಹಾಗಿಲ್ಲವಲ್ಲ. ಬರಿಗೈಯಲ್ಲಿ ಎಷ್ಟೋ ವರ್ಷ ಹಬ್ಬ ಮಾಡಿ ಬೇಸತ್ತು, ಪಕ್ಕದ ಬೀದಿಯಲ್ಲಿ ತೀರಿಕೊಂಡ ಒಬ್ಬ ಅಮೆರಿಕನ್ ಮುದುಕನ ಮನೆಯ ಸಾಮಾನು ಮಾರುವಾಗ ಅಂಕಲ್ ಈ ಹಳೇ ರೈಫಲ್ಲನ್ನು ಕಂಡರು. ಟ್ರಿಗರಿನ ಕೆಳಗೆ ಉಂಗುರದಂಥ ಒಂದು ಹಿಡಿ. ಅದನ್ನು ಕೆಳಕ್ಕೆ ತಳ್ಳಿ ಮೇಲಕ್ಕೆ ಎಳೆದರೆ ಖಾಲಿ ತೋಟಾ ಹೊರಕ್ಕೆ, ಹೊಸದು ಒಳಕ್ಕೆ. ಮೈಸೂರಿನ ಟಾಕೀಸುಗಳಲ್ಲಿ ಕೌಬಾಯ್ ಸಿನಿಮಾಗಳ ಮ್ಯಾಟಿನಿ ನೋಡಿ ಬೆಳೆದವರಿಗೆ ಅಷ್ಟು ಸಾಕು. ಕುದುರೆ ಒಂದು ಬಿಟ್ಟು ಎಲ್ಲ ಸಿಕ್ಕ ಹಾಗಾಯಿತು.

ಮನೆಗೆ ತಂದು ನೋಡಿದರೆ ಅದರ ಗುಂಡಿನ ಅಳತೆ 'ಮೂವತ್ತೆರಡು-ಇಪ್ಪತ್ತು' ಎಂಬ ಓಬೀರಾಯನ ಕಾಲದ್ದು. ಅಂಗಡಿಯಲ್ಲಿ ಕೇಳಿದರೆ ಹುಡುಗರು ಹುಬ್ಬೇರಿಸುತ್ತಿದ್ದರು. ಗುಂಡು ಹೇಗೋ ಒಂದೆರಡು ಡಬ್ಬಿ ತರಿಸಿಕೊಂಡರು. ಆದರೆ ಅವರಿಗೆ ಹಿಡಿದ ಹುಚ್ಚು ಅಷ್ಟಕ್ಕೆ ಇಳಿಯಲಿಲ್ಲ.

ಆ ಹುಚ್ಚನ್ನು ಅವರು ನನಗೆ ವಿವರಿಸಿದ್ದು ಅವರ ಅಡುಗೆಮನೆಯಲ್ಲಿ. ಆಂಟಿ ಅವರಿಗೆಲ್ಲ ಹಂದಿ ಸಾರು ಮಾಡಿ, ನನಗಾಗಿ ಬೇರೆ ಪಾತ್ರೆಯಲ್ಲಿ ಅಣಬೆ ಪಲ್ಯ ಮಾಡಿದ್ದರು. ಆ ಪಾತ್ರೆಯ ಮುಚ್ಚಳಕ್ಕೆ ಅಂಕಲ್ 'ಮೈಸೂರು' ಎಂದು ಚೀಟಿ ಅಂಟಿಸಿದ್ದರು.

"ನೋಡು, ಆ ಕಾಲದ ಕೌಬಾಯ್ಗಳು ಸೊಂಟದಲ್ಲಿ ರಿವಾಲ್ವರು, ಕುದುರೆ ಮೇಲೆ ರೈಫಲ್ಲು ಇಟ್ಕೊಂಡು ಓಡಾಡ್ತಿದ್ರು. ಎರಡಕ್ಕೂ ಒಂದೇ ಗುಂಡು. ಒಂದೇ ಬೆಲ್ಟಿಂದ ಇದಕ್ಕೂ ಹಾಕು, ಅದಕ್ಕೂ ಹಾಕು. ಒಂದೇ ಹಿಟ್ಟಲ್ಲಿ ನೀನು ಇಡ್ಲೀನೂ ಮಾಡ್ತೀಯ, ದೋಸೇನೂ ಮಾಡ್ತೀಯ, ಹೌದಾ? ಹಾಗೆ."

"ಅದಕ್ಕೆ?"

"ಅದಕ್ಕೆ ನನ್ನ ರೈಫಲ್ಲಿಗೆ ಜೋಡಿ ಬೇಕು. ಅದೇ ಅಳತೆ ರಿವಾಲ್ವರು. ಅದೂ ಸಿಂಗಲ್ ಆಕ್ಷನ್ನು. ಪ್ರತಿ ಸಲ ಅದರ ಬೆನ್ನಿನ ಕೊಕ್ಕೇನ ಹೆಬ್ಬೆರಳಲ್ಲಿ ಹಿಂದಕ್ಕೆ ಎಳೀಬೇಕು, ಆಮೇಲೆ ಟ್ರಿಗರು. ಅವಸರದೋರಿಗೆ ಅದಲ್ಲ."

"ಜಾತಕ ಕೂಡಿಬರೋ ಗಂಡು ಹುಡುಕ್ತಿದೀರ ಅನ್ನಿ," ಎಂದೆ. ಆ ಮಾತು ಅವರಿಗೆ ಎಷ್ಟು ಹಿಡಿಸಿತೆಂದರೆ, ಆಮೇಲೆ ಸಿಕ್ಕವರಿಗೆಲ್ಲ, "ನಮ್ಮ ಹುಡುಗಿಗೆ ಒಂದು ಸಂಬಂಧ ನೋಡ್ತಾ ಇದೀವಿ," ಎಂದು ಹೇಳಿ ಗಾಬರಿಪಡಿಸತೊಡಗಿದರು. ಅವರ ನಿಜವಾದ ಮಗಳು ಕ್ಯಾಲಿಫೋರ್ನಿಯಾದಲ್ಲಿ ಓದುತ್ತಿದ್ದಳು. ಅವಳಿಗೆ ಸುದ್ದಿ ಹೇಗೆಹೇಗೋ ತಲುಪಿ ದೊಡ್ಡ ರಾದ್ಧಾಂತವಾಯಿತು.

ಆ ವರ್ಷದ ಕೈಲ್ ಮುಹೂರ್ತಕ್ಕೆ ನನ್ನನ್ನೂ ಕರೆದಿದ್ದರು. ಮಣೆಯ ಮೇಲೆ ರೈಫಲ್ಲು, ಮುಂದೆ ದೀಪ, ಆಂಟಿಯ ಗಾರ್ಡನ್ನಿನ ಚೆಂಡುಹೂವು. ನಾನು ಮೈಸೂರಿನವಳು, ಆಯುಧಪೂಜೆ ಎಂದರೆ ನನಗೆ ಅಪ್ಪನ ಸ್ಕೂಟರು. ಆಂಟಿ ಒಳಗೆ ಹೋದದ್ದೇ ತಡ, ಭಕ್ತಿಯಿಂದ ಅರಿಶಿನ ಕುಂಕುಮ ಕಲಸಿ ರೈಫಲ್ಲಿಗೆ ಉದ್ದಕ್ಕೂ ಬಳಿದು, ನಳಿಗೆಯ ಬಾಯಿಗೂ ಒಂದು ದೊಡ್ಡ ಬೊಟ್ಟು ಇಟ್ಟು, "ಅಂಕಲ್, ನಿಂಬೆಹಣ್ಣು ಎಲ್ಲಿಡ್ಲಿ?" ಎಂದು ಕೇಳಿದೆ. ಅವರು ಬಂದು ನೋಡಿದರು. ಮುಖ ಹುಳ್ಳಗಾಯಿತು. "ಮೈಸೂರು," ಎಂದರು ತುಂಬ ಮೆತ್ತಗೆ, "ಇದು ಸ್ಕೂಟರ್ ಅಲ್ಲ ಕಣಮ್ಮ." ಮಧ್ಯಾಹ್ನವೆಲ್ಲ ಕೂತು ಉದ್ದನೆಯ ಕಡ್ಡಿಗೆ ಬಟ್ಟೆ ಸುತ್ತಿ ಕುಂಕುಮ ತೆಗೆದರು. ಹಾಗೆ ತೆಗೆಯುವಾಗಲೂ ಒಂದು ಗಟ್ಟಿ ಮಾತು ಆಡಲಿಲ್ಲ. ಮಾರನೆಯ ದಿನ ಗುರಿ ಹೊಡೆಯುವ ಪಂದ್ಯದಲ್ಲಿ ತೆಂಗಿನಕಾಯಿ ಒಡೆದದ್ದು ಆಂಟಿ. ಅಂಕಲ್‌ದು ಗುರಿ ತಪ್ಪಿತು. "ಕುಂಕುಮದ ದೋಷ," ಎಂದರು.

ಆಮೇಲೆ ಕಾರು ಕಂಪನಿಗಳು ಒಂದೊಂದಾಗಿ ಕುಸಿದವು. ಅವು ಮೇಲೆದ್ದರೆ ತಾನೇ ಬಿಡಿಭಾಗದವರಿಗೆ ಅನ್ನ? ಸಂಘದ ಊಟಗಳಲ್ಲಿ "ಹೇಗಿದೀರಿ?" ಎನ್ನುವ ಬದಲು "ನಿಮ್ಮಲ್ಲಿ ಹೇಗಿದೆ?" ಎಂದು ಕೇಳುವುದು ಶುರುವಾಯಿತು. ಥ್ಯಾಂಕ್ಸ್‌ಗಿವಿಂಗ್‌ಗೆ ಮೊದಲು ಅಂಕಲ್ ಕಂಪನಿಯ ಅರ್ಧ ಫ್ಲೋರ್ ಖಾಲಿಯಾಯಿತು; ಆ ಅರ್ಧದಲ್ಲಿ ಅವರೂ ಇದ್ದರು. ಅವರ ಬೀದಿಯಲ್ಲಿ ಸಾಲಕ್ಕೆ ಜಪ್ತಿ ಮಾಡಿ ಬ್ಯಾಂಕಿನವರು ಬೋರ್ಡು ನೆಟ್ಟ ಮನೆಗಳು ಹೆಚ್ಚಾದವು. ಅವರ ಮನೆಗೆ ಆ ಗತಿ ಬರಲಿಲ್ಲ, ಯಾಕೆಂದರೆ ಆಂಟಿಗೆ ಆಸ್ಪತ್ರೆಯಲ್ಲಿ ಉಸಿರಾಟದ ರೋಗಿಗಳನ್ನು ನೋಡಿಕೊಳ್ಳುವ ಕೆಲಸವಿತ್ತು. ಅವರು ಶನಿವಾರ ಭಾನುವಾರದ ಶಿಫ್ಟುಗಳನ್ನೂ ತೆಗೆದುಕೊಂಡರು.

ಕೆಲಸ ಹೋದ ಮೇಲೂ ಅಂಕಲ್ ದಿನಾ ಶೇವ್ ಮಾಡಿ, ಇಸ್ತ್ರಿ ಶರಟು ಹಾಕಿ, ಜೇಬಿಗೆ ಕ್ಯಾಲಿಪರ್ ಸಿಕ್ಕಿಸಿಕೊಂಡು ಡೈನಿಂಗ್ ಟೇಬಲ್ಲಿಗೆ ಬಂದು ಕೂರುತ್ತಿದ್ದರು. ಕಂಪ್ಯೂಟರ್ ತೆಗೆದು ಅಪ್ಲೈ ಮಾಡುತ್ತಿದ್ದರು. "ಓಹಿಯೋಗೆ ಅಪ್ಲೈ ಮಾಡಿದೀನಿ, ಇಂಡಿಯಾನಾಗೂ ಮಾಡಿದೀನಿ," ಎಂದು ಮೊದಮೊದಲು ಹೇಳುತ್ತಿದ್ದವರು ಚಳಿಗಾಲ ಮುಗಿಯುವ ಹೊತ್ತಿಗೆ ಹೇಳುವುದನ್ನು ಬಿಟ್ಟರು. ಆ ವಯಸ್ಸಿನವರನ್ನು ಆ ವರ್ಷ ಯಾರು ಕರೆಯುತ್ತಾರೆ? ನನ್ನ ಕೈಯೂ ಕಟ್ಟಿಹೋಗಿತ್ತು. ನನ್ನದು ಗಂಡನ ವೀಸಾಗೆ ಜೋತುಬಿದ್ದ ವೀಸಾ, ಓದಿದ್ದರೂ ಕೆಲಸ ಮಾಡುವ ಹಾಗಿಲ್ಲ. ಹೀಗಾಗಿ ಆ ಸುತ್ತಮುತ್ತ ಹಗಲುಹೊತ್ತು ಮನೆಯಲ್ಲಿರುತ್ತಿದ್ದ ಕನ್ನಡದವರು ನಾವಿಬ್ಬರೇ. ನಾನು ಹೋಗಿ ಕಾಫಿ ಮಾಡಿಕೊಡುತ್ತಿದ್ದೆ, ಅವರು ಕಪ್ಪಿನ ಬಾಯಿಯ ಅಳತೆ ತೆಗೆಯುತ್ತಿದ್ದರು.

ಒಂದು ದಿನ ಆಂಟಿ ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಹಾಕಿದರು. ಮುಂಬಾಗಿಲ ಕಡೆ ಅಂಕಲ್ ಹಿಮ ಎತ್ತುವ ಸದ್ದು ಕೇಳುತ್ತಿತ್ತು.

"ಇವರು ಈ ಶನಿವಾರದಿಂದ ಗನ್ ಶೋಗಳಿಗೆ ಹೋಗ್ತಾರಂತೆ. ರಿವಾಲ್ವರ್ ಹುಡುಕೋಕೆ. ಪೊಲೀಸರ ಹತ್ರ ಪರ್ಮಿಟ್ಟೂ ಮಾಡಿಸ್ಕೊಂಡು ಬಂದಿದಾರೆ. ನನಗೆ ಶಿಫ್ಟ್ ಇದೆ. ನೀನು ಜೊತೇಲಿ ಹೋಗು. ಕೊಳ್ಳದ ಹಾಗೆ ನೋಡ್ಕೋ."

"ನಾನಾ? ನನಗೆ ಕೋವಿ ಅಂದ್ರೆ ಜೀವ ಹೋಗುತ್ತೆ ಆಂಟಿ. ನಿಮಗೇನು, ನೀವೇ ತೆಂಗಿನಕಾಯಿ ಹೊಡೆಯೋರು."

"ನಾನು ಕೋವಿ ಇರೋ ಮನೇಲಿ ಹುಟ್ಟಿದವಳು. ಕೋವಿಗೆ ಹೆದರಲ್ಲ. ಕೆಲಸ ಹೋಗಿ ಸುಮ್ಮನೆ ಕೂತಿರೋ ಗಂಡಸಿಗೆ ಹೆದರ್ತೀನಿ. ಈ ಚಳಿಗಾಲ ನಮ್ಮ ಆಸ್ಪತ್ರೆಗೆ ಎಂಥೆಂಥವರನ್ನ ತಂದ್ರು ಗೊತ್ತಾ? ಎಲ್ಲ ಇವರ ಹಾಗೇ ಇದ್ದೋರು. ಇವರ ಹಾಗೇ ನಗ್ತಾ ಇದ್ದೋರಂತೆ."

"ಮನೇಲಿ ರೈಫಲ್ ಇದೆಯಲ್ಲ?" ಎಂದೆ.

"ಅದರ ಬೀರು ಕೀ ನನ್ನ ಹತ್ರ ಇದೆ. ಗುಂಡೂ ಎತ್ತಿಟ್ಟಿದೀನಿ. ಕೀ ಎಲ್ಲಿ ಅಂತ ಇವರು ಒಂದು ಸಲಾನೂ ಕೇಳಿಲ್ಲ. ಕೇಳದೇ ಇರೋದೇ ನನಗೆ ಭಯ. ಇನ್ನೊಂದು ಬಂದ್ರೆ ಅದರ ಮೇಲೆ ನನ್ನ ಹಿಡಿತ ಇರಲ್ಲ."

ಡಾಕ್ಟರಿಗೆ ತೋರಿಸಿ ಎಂದೆ. ತೋರಿಸಿದ್ದರಂತೆ. ಅಂಕಲ್ ಅಲ್ಲಿ ಡಾಕ್ಟರನ್ನೇ ನಗಿಸಿ, ಅವರ ಮೇಜಿನ ಮೇಲಿದ್ದ ಪೇಪರ್ ವೇಟನ್ನು ಅಳೆದು, ಮನೆಗೆ ಬಂದರಂತೆ.

ಹೀಗೆ ನಾನು, ಸಾರಿನಪುಡಿ ಹುರಿಯುವುದಕ್ಕೂ ಕಿಟಕಿ ತೆರೆಯುವ ಪುಕ್ಕಲಿ, ಶನಿವಾರಗಳಂದು ಗನ್ ಶೋಗಳಿಗೆ ಹೋಗತೊಡಗಿದೆ. ದೊಡ್ಡ ದೊಡ್ಡ ಸಭಾಂಗಣಗಳು, ಸಾಲು ಸಾಲು ಟೇಬಲ್ಲುಗಳು, ಮೇಲೆ ತರಹೇವಾರಿ ಕೋವಿಗಳು. ನಡುನಡುವೆ ಒಣಗಿಸಿದ ಮಾಂಸ, ಹಳೇ ನಾಣ್ಯ, ಕಂಬಳಿ. ಅಷ್ಟು ಜನರಲ್ಲಿ ಹಣೆಗೆ ಬೊಟ್ಟಿಟ್ಟವಳು ನಾನೊಬ್ಬಳೇ. ಅಂಕಲ್ ಪ್ರತಿ ಟೇಬಲ್ಲಿನ ಮುಂದೆ ನಿಂತು, "ಥರ್ಟಿಟೂ-ಟ್ವೆಂಟಿ? ಸಿಂಗಲ್ ಆಕ್ಷನ್?" ಎಂದು ಕೇಳುವರು. ಗಡ್ಡದವರು ತಲೆಯಾಡಿಸುವರು. ಕೆಲವರು ಬೇರೆ ಅಳತೆಯದನ್ನು ಹೊಗಳಿ ಮಾರಲು ನೋಡುವರು. ಆಗ ಕ್ಯಾಲಿಪರ್ ಹೊರಗೆ ಬರುವುದು. ಅದೇ ಅಳತೆ ಎಂದು ಯಾರಾದರೂ ಸಾಧಿಸಿದರೆ ಅಂಕಲ್‌ಗೆ ಎಲ್ಲಿಲ್ಲದ ಖುಷಿ. ಅಳೆದು, ತೋರಿಸಿ, ವಾದ ಮಾಡಿ, ಅವರ ಬೆನ್ನು ತಟ್ಟಿ ಮುಂದಕ್ಕೆ ಹೋಗುವರು.

ನನ್ನ ಉಪಾಯಗಳು ಬೇರೆಯೇ ಇದ್ದವು. ಯಾವುದಾದರೂ ಟೇಬಲ್ಲಿನಲ್ಲಿ ಹೆಚ್ಚು ಹೊತ್ತು ನಿಂತರೆ ನನಗೆ ತಲೆ ಸುತ್ತುತ್ತಿತ್ತು. ಹೊಟ್ಟೆ ಹಸಿಯುತ್ತಿತ್ತು. ಗಂಡ ಫೋನ್ ಮಾಡುತ್ತಿದ್ದ. "ಅಯ್ಯೋ, ಇದರ ಬಣ್ಣ ಸರಿಯಿಲ್ಲ ಅಂಕಲ್," ಎಂದೂ ಒಂದು ಸಲ ಅಂದೆ. ಅವರು ನನ್ನನ್ನು ಒಂದು ಗಳಿಗೆ ನೋಡಿ, "ನೀನು ಹೇಳಿದ ಮೇಲೆ ಆಯ್ತು," ಎಂದು ಕೆಳಗಿಟ್ಟರು. ಶನಿವಾರ ಬಂದರೆ ಅವರ ಮುಖದಲ್ಲಿ ಕಳೆ ಇರುತ್ತಿತ್ತು. ಹೈವೇಯಲ್ಲಿ ಎಲ್ಲರೂ ಹಾರ್ನ್ ಹೊಡೆಯುವಷ್ಟು ನಿಧಾನವಾಗಿ ಡ್ರೈವ್ ಮಾಡುತ್ತ, ಕೊಡವ ಹಾಡು ಗುನುಗುತ್ತ ಹೋಗುವರು. ಅವರ ಜೊತೆ ಹೋಗುವುದು ನನಗೂ ಇಷ್ಟವಾಗತೊಡಗಿತ್ತು ಎಂದು ಹೇಳಿದರೆ ಸುಳ್ಳಲ್ಲ.

ಮೇಪಲ್ ಮರಗಳು ಚಿಗುರುವ ಹೊತ್ತಿನಲ್ಲಿ ಒಂದು ಶನಿವಾರ ಅದು ಸಿಕ್ಕೇಬಿಟ್ಟಿತು.

ಬಾಗಿಲಿನಿಂದ ಎಡಕ್ಕೆ, ಒಣಮಾಂಸ ಮಾರುವವನ ಪಕ್ಕದಲ್ಲಿ, ಒಬ್ಬ ಬಡಕಲು ಮನುಷ್ಯ ಮಡಿಸುವ ಟೇಬಲ್ ಹಾಕಿಕೊಂಡು ಕೂತಿದ್ದ. ಕಾರಿನ ತಗಡು ಒತ್ತುವ ಕಾರ್ಖಾನೆಯಲ್ಲಿದ್ದವನಂತೆ, ಅದು ಮುಚ್ಚಿತ್ತು. ಅವನ ಮುಂದೆ ಅಜ್ಜನ ಕಾಲದ ಸಾಮಾನುಗಳು. ಅಂಕಲ್ ಮಾಮೂಲಿನಂತೆ ಕೇಳಿದರು. ಅವನು ಮಾತಾಡದೆ ಒಂದು ಬಟ್ಟೆ ಬಿಚ್ಚಿ ಮುಂದಕ್ಕೆ ತಳ್ಳಿದ. ಸವೆದ ಮರದ ಹಿಡಿ, ಬಣ್ಣ ಮಾಸಿದ ಉಕ್ಕು. ಅಂಕಲ್ ಕನ್ನಡಕ ಒರೆಸಿಕೊಂಡು ಅದರ ಮೇಲಿನ ಅಕ್ಷರ ಓದಿದರು. ಕ್ಯಾಲಿಪರ್ ಹಚ್ಚಿದರು. ಮತ್ತೆ ಹಚ್ಚಿದರು. ನನಗೆ ನಿಜವಾಗಿಯೇ ತಲೆ ಸುತ್ತಿತು. "ಅಂಕಲ್, ಹೋಗೋಣ. ನನಗೆ ಆಗ್ತಿಲ್ಲ," ಎಂದೆ. ಅವರಿಗೆ ಕೇಳಿಸಲಿಲ್ಲ. ಕೊಕ್ಕೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಹಿಂದಕ್ಕೆ ಎಳೆದು, ಮೆಲ್ಲಗೆ ಮುಂದಕ್ಕೆ ಬಿಟ್ಟರು. ಜೇಬಿನಲ್ಲಿ ಪರ್ಮಿಟ್ ಇದ್ದದ್ದು ನನಗೆ ಗೊತ್ತಿತ್ತು. ಚೆಕ್ ಪುಸ್ತಕವೂ ಇತ್ತು. ಆಂಟಿಗೆ ನಾನು ಏನು ಹೇಳಲಿ, ಹೇಗೆ ತಡೆಯಲಿ, ಕೈ ಹಿಡಿದು ಎಳೆಯಲೇ ಎಂದು ಒದ್ದಾಡುತ್ತಿರುವಾಗಲೇ ಅವರು ಅದನ್ನು ಬಟ್ಟೆಯ ಮೇಲಿಟ್ಟರು. "ವೆರಿ ನೈಸ್. ಥ್ಯಾಂಕ್ಯೂ," ಎಂದು ಹೇಳಿ ಬಾಗಿಲ ಕಡೆ ನಡೆದರು. ಆ ಮನುಷ್ಯ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ.

ಕಾರಿನಲ್ಲಿ ಹಾಡಿಲ್ಲ. ಹೈವೇ ಬಿಟ್ಟು ಇಳಿಯುವ ನಮ್ಮ ಎಕ್ಸಿಟ್ ಬಂತು, ಹೋಯಿತು. ನಾನು ಹೇಳಲಿಲ್ಲ.

"ಬೀರು ಕೀ ಅವಳ ಹತ್ರ ಇದೆ ಅಂತ ನನಗೆ ಗೊತ್ತು," ಎಂದರು ರಸ್ತೆ ನೋಡುತ್ತಲೇ. "ನಿನ್ನನ್ನ ಯಾಕೆ ಕಳಿಸ್ತಾಳೆ ಅಂತಾನೂ ಗೊತ್ತು. ಅವಳು ಹೆದರೋದು ಸುಳ್ಳು ಹೆದರಿಕೆ ಅಲ್ಲ, ಮೈಸೂರು."

ನಾನು ಸೀಟ್ ಬೆಲ್ಟನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಹುಡುಕ್ತಾ ಇರೋವರೆಗೂ ನಾನು ಸರಿಯಾಗಿರ್ತೀನಿ. ಶನಿವಾರ ಎಲ್ಲಿಗೋ ಹೋಗ್ಬೇಕು ಅಂತ ಶುಕ್ರವಾರ ಇಸ್ತ್ರಿ ಮಾಡ್ತೀನಿ. ಇವತ್ತು ಅದು ಕೈಗೆ ಬಂತು ನೋಡು... ಇನ್ನು ಮುಂದೆ ಏನು ಅನ್ನಿಸ್ತು. ಏನೂ ಕಾಣಲಿಲ್ಲ. ಅದಕ್ಕೆ ಇಟ್ಟುಬಿಟ್ಟೆ."

"ಒಳ್ಳೇದು ಮಾಡಿದ್ರಿ ಅಂಕಲ್."

"ಇನ್ನೊಂದು ಸಲ ಕಂಡ್ರೆ ಇಡ್ತೀನೋ ಇಲ್ವೋ, ಅದು ಹೇಳೋಕೆ ನನ್ನ ಹತ್ರ ಅಳತೆ ಇಲ್ಲ."

ನನಗಾಗ ಇಪ್ಪತ್ತಾರು ವರ್ಷ. ನನ್ನ ಬಾಯಿಂದ ಬಂದದ್ದು, "ಕಾಫಿ ಕುಡಿಯೋಣ್ವಾ ಅಂಕಲ್?" ಎಂಬ ಮಾತು. ಕುಡಿದೆವು. ಅವರು ಕಪ್ಪನ್ನು ಅಳೆಯಲಿಲ್ಲ.

ಸಂಜೆ ಆಂಟಿ ಶಿಫ್ಟ್ ಮುಗಿಸಿ ಬಂದಾಗ ಅವರ ಕಾರಿನಲ್ಲೇ ಕೂತು ಎಲ್ಲವನ್ನೂ ಹೇಳಿದೆ. ಅವರು ಅಳುತ್ತಾರೆ ಎಂದುಕೊಂಡಿದ್ದೆ. ಅಳಲಿಲ್ಲ. ಆಸ್ಪತ್ರೆಯ ಬ್ಯಾಡ್ಜನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ಆ ಟೇಬಲ್ ಎಲ್ಲಿತ್ತು?" ಎಂದು ಕೇಳಿದರು. ಹೇಳಿದೆ. "ಸರಿ, ನೀನು ಮನೆಗೆ ಹೋಗು," ಎಂದರು.

ಮುಂದಿನ ಶೋದಲ್ಲಿ ಅಂಕಲ್ ಸೀದಾ ಆ ಟೇಬಲ್ಲಿಗೇ ಹೋದರು. ನಾನು ಹಿಂದೆಯೇ ಓಡಿದೆ. ಟೇಬಲ್ಲಿನ ಮೇಲೆ ಅದು ಇರಲಿಲ್ಲ. "ನೀನು ಹೋಗಿ ಪಾಪ್‌ಕಾರ್ನ್ ತಗೊಂಬಾ," ಎಂದು ನನ್ನನ್ನು ಕಳಿಸಿ, ಆ ಬಡಕಲು ಮನುಷ್ಯನ ಜೊತೆ ಬಹಳ ಹೊತ್ತು ಮಾತಾಡಿದರು. ನಾನು ಬಂದಾಗ ಮುಖ ಅರಳಿತ್ತು. "ಯಾರೋ ಪುಣ್ಯಾತ್ಮರು ಹೊಡ್ಕೊಂಡು ಹೋಗಿದಾರೆ. ಅವರ ಹತ್ರ ರೈಫಲ್ ಇದೆಯೋ ಇಲ್ವೋ ಪಾಪ," ಎಂದು ನಕ್ಕು, ನನ್ನ ಕೈಯಿಂದ ಪಾಪ್‌ಕಾರ್ನ್ ಕಸಿದುಕೊಂಡರು. ಅವತ್ತು ದಾರಿಯುದ್ದಕ್ಕೂ ಹಾಡಿದರು. ನಾನು ಕಂಡಕಂಡ ದೇವರಿಗೆಲ್ಲ ಮನಸ್ಸಿನಲ್ಲೇ ಕೈಮುಗಿದೆ.

ಆ ಬೇಸಿಗೆಯಲ್ಲಿ ನನ್ನ ಗಂಡನ ಕಾಂಟ್ರಾಕ್ಟು ಮುಗಿಯಿತು. ಶಿಕಾಗೋ ಕಡೆ ಒಂದು ಕೆಲಸ ಸಿಕ್ಕಿದ್ದೇ ದೊಡ್ಡದು. ವಾರದೊಳಗೆ ಸಾಮಾನು ಕಟ್ಟಿ ಲೊಂಬಾರ್ಡಿಗೆ ಹೊರಟೆವು. ಅಂಕಲ್ ನಮ್ಮ ಸೋಫಾವನ್ನೂ ಟ್ರಕ್ಕಿನ ಬಾಗಿಲನ್ನೂ ಅಳೆದು, ಹೀಗೆ ಹಿಡಿಯಿರಿ, ಹಾಗೆ ತಿರುಗಿಸಿ ಎಂದು ಜೋರು ಮಾಡಿದರು. ನಾನು ಅವರ ಕಾಲಿಗೆ ಬಿದ್ದು ಏಳುವಾಗ, "ಭಾನುವಾರ ಭಾನುವಾರ ಫೋನ್ ಮಾಡ್ಬೇಕು ನೀವು," ಎಂದೆ. ಅವರಿಗೆ ಅರ್ಥವಾಯಿತು. "ಮಾಡ್ತೀನಿ ಮೈಸೂರು," ಎಂದರು.

ಇನ್ನೂರೆಂಬತ್ತು ಮೈಲಿ ದೂರದಿಂದ ನಾನು ಮಾಡಬಹುದಾಗಿದ್ದದ್ದು ಅಷ್ಟೇ. "ಸಿಕ್ತಾ ಅಂಕಲ್?" "ಎಲ್ಲಿ ಸಿಗುತ್ತೆ, ಇನ್ನೂ ಹುಡುಕ್ತಾ ಇದೀನಿ." ಇಷ್ಟು ಕೇಳಿದರೆ ನನ್ನ ವಾರ ಕಳೆಯುತ್ತಿತ್ತು. ಫೋನ್ ಒಂಬತ್ತಾದರೂ ಬರದಿದ್ದರೆ ನಾನು ಹಾಲು ಉಕ್ಕಿಸುತ್ತಿದ್ದೆ, ಮಕ್ಕಳ ಮೇಲೆ ರೇಗುತ್ತಿದ್ದೆ. ಕೆಲಸ ಅವರಿಗೆ ಮೊದಲಿನ ಹಾಗೆ ಮತ್ತೆ ಸಿಗಲೇ ಇಲ್ಲ. ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಪಾರ್ಟ್‌ಟೈಮ್ ನಿಂತರು. ಮೊಳೆ ಕೇಳಿ ಬಂದವರಿಗೂ ಅಳೆದೇ ಕೊಡುತ್ತಿದ್ದರಂತೆ. ರಿಸೆಷನ್ ಮುಗಿಯಿತೆಂದು ಪೇಪರಿನವರು ಬರೆದರು. ನನಗೆ ಗ್ರೀನ್ ಕಾರ್ಡ್ ಬಂತು, ಕೆಲಸವೂ ಬಂತು. ಭಾನುವಾರದ ಪ್ರಶ್ನೆ ಮಾತ್ರ ಬದಲಾಗಲಿಲ್ಲ. "ಡ್ಯಾಡ್ ಈಸ್ ಸ್ಟಿಲ್ ಲುಕಿಂಗ್ ಫಾರ್ ದಟ್ ಥಿಂಗ್?" ಎಂದು ಅವರ ಮಗಳು ಒಮ್ಮೆ ಕೇಳಿ ನಕ್ಕಳು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ.

ಅವರು ಹೋದ ಸುದ್ದಿ ಬಂದ ಭಾನುವಾರವೇ ಹೊರಟು ಸಂಜೆಗೆ ಪ್ಲಿಮತ್ ತಲುಪಿದೆ. ಮಾರನೆಯ ದಿನ ಆಂಟಿ, "ಬ್ಯಾಂಕ್ ಲಾಕರಿಗೆ ಹೋಗ್ಬೇಕು, ಕರ್ಕೊಂಡು ಹೋಗು," ಎಂದರು. ಏನೋ ಕಾಗದಪತ್ರ ಇರಬೇಕೆಂದುಕೊಂಡೆ. ಲಾಕರಿನ ಪೆಟ್ಟಿಗೆಯಲ್ಲಿ ಅವರ ಮದುವೆಯ ಪತ್ತಾಕು ಸರ, ಬಳೆಗಳು, ಮಗಳ ಹಳೇ ಕಾಲುಗೆಜ್ಜೆ. ಅವುಗಳ ಕೆಳಗೆ ಆಸ್ಪತ್ರೆಯ ಹಸಿರು ಬಟ್ಟೆಯಲ್ಲಿ ಏನೋ ಸುತ್ತಿಟ್ಟಿತ್ತು. ಬಿಚ್ಚಿದರು. ಸವೆದ ಮರದ ಹಿಡಿ. ಬಣ್ಣ ಮಾಸಿದ ಉಕ್ಕು.

"ನೀನು ಹೇಳಿದ ಮಾರನೇ ದಿನಾನೇ ಶಿಫ್ಟ್ ಬಿಟ್ಟು ಶೋಗೆ ಹೋಗಿ ಅಡ್ವಾನ್ಸ್ ಕೊಟ್ಟೆ," ಎಂದರು ಆಂಟಿ. "ಪರ್ಮಿಟ್ ಮಾಡಿಸಿ, ಅವನ ಮನೆಯಿಂದ ತಂದು ಇಲ್ಲಿಟ್ಟೆ. ಇವರು ನನ್ನ ಒಡವೆ ಲಾಕರಿಗೆ ಯಾವತ್ತೂ ಬಂದೋರಲ್ಲ. ಇನ್ನೊಂದು ಸಲ ಕಂಡ್ರೆ ಅಂದಿದ್ರಲ್ಲ ನಿನ್ನ ಹತ್ರ. ಕಾಣದೇ ಇರ್ಲಿ ಅಂತ."

"ಆಮೇಲೆ ಕೊಡಬಹುದಿತ್ತಲ್ಲ ಆಂಟಿ, ಎಲ್ಲ ಸರಿಹೋದ ಮೇಲೆ?"

"ಯಾವತ್ತು ಸರಿಹೋಯ್ತು, ಅದು ಹೇಳು ನೀನು. ಪ್ರತಿ ವರ್ಷ ಕೈಲ್ ಮುಹೂರ್ತಕ್ಕೆ ಕೊಡೋಣ ಅಂತಿದ್ದೆ. ಶುಕ್ರವಾರ ಇವರು ಇಸ್ತ್ರಿ ಪೆಟ್ಟಿಗೆ ತೆಗೆಯೋದು ನೋಡಿ ಬಾಯಿ ಮುಚ್ಕೋತಿ‌ದ್ದೆ."

ಆ ಬಡಕಲು ಮನುಷ್ಯ ಅವತ್ತು, ಕೊಂಡವರು ಯಾರೆಂದು ಅಂಕಲ್‌ಗೆ ಹೇಳಿದ್ದನೇ? ಹೇಳಿದ್ದಕ್ಕೇ ಅವರು ಅಷ್ಟು ಹಾಡಿದರೇ? ಎಲ್ಲ ಗೊತ್ತಿದ್ದೂ ನನಗೆ ಭಾನುವಾರ ಭಾನುವಾರ "ಇನ್ನೂ ಹುಡುಕ್ತಾ ಇದೀನಿ" ಎನ್ನುತ್ತಿದ್ದರೇ? ಈಗ ಕೇಳಲು ಯಾರಿದ್ದಾರೆ? ಆಂಟಿಗೂ ಗೊತ್ತಿಲ್ಲ.

ಮನೆಗೆ ಬಂದು ಆಂಟಿ ಬೀರು ತೆಗೆದರು. ಡೈನಿಂಗ್ ಟೇಬಲ್ಲಿನ ಮೇಲೆ, ಅಂಕಲ್ ಕೂತು ಅಪ್ಲೈ ಮಾಡುತ್ತಿದ್ದ ಜಾಗದಲ್ಲಿ, ರೈಫಲ್ಲನ್ನೂ ರಿವಾಲ್ವರನ್ನೂ ಪಕ್ಕಪಕ್ಕ ಇಟ್ಟರು. ಹಳೇ ಡಬ್ಬಿಯಿಂದ ಒಂದು ಗುಂಡು ತೆಗೆದು ರಿವಾಲ್ವರಿನ ಕೋಣೆಯೊಂದಕ್ಕೆ ಇಳಿಸಿದರು. ಸರಿಯಾಗಿ ಕೂತಿತು. ಕೂತದ್ದನ್ನು ನೋಡಿ, ಮತ್ತೆ ತೆಗೆದು ಡಬ್ಬಿಗೆ ಹಾಕಿ, ಉಳಿದ ಕೋಣೆಗಳನ್ನೂ ತಿರುಗಿಸಿ ನೋಡಿ ಖಾಲಿ ಎಂದು ಖಾತ್ರಿ ಮಾಡಿಕೊಂಡರು.

"ಊರಲ್ಲಾಗಿದ್ರೆ ನಿನ್ನೇನೇ ಎರಡು ಗುಂಡು ಹಾರಿಸಬೇಕಿತ್ತು," ಎಂದರು. "ಇಲ್ಲಿ ಯಾರು ಹಾರಿಸ್ತಾರೆ."

"ಮಾಮ್, ನೋ. ಪ್ಲೀಸ್. ದಿಸ್ ಈಸ್ ಎ ಸಬ್‌ಡಿವಿಷನ್," ಎಂದು ಬೆಳಿಗ್ಗೆಯ ವಿಮಾನದಲ್ಲಿ ಬಂದಿಳಿದಿದ್ದ ಮಗಳು ಮೆಟ್ಟಿಲಿನಿಂದ ಅಳುತ್ತ ಕೂಗಿದಳು.

"ಗೊತ್ತು ಮಗು."

ಆಂಟಿ ಹಿಂಬಾಗಿಲು ತೆರೆದು ಹೊಸ್ತಿಲಲ್ಲಿ ನಿಂತರು. ಖಾಲಿ ರಿವಾಲ್ವರನ್ನು ಮೇಲಕ್ಕೆ ಹಿಡಿದು, ಕೊಕ್ಕೆಯನ್ನು ಹೆಬ್ಬೆರಳಿನಿಂದ ಹಿಂದಕ್ಕೆ ಎಳೆದು, ಟ್ರಿಗರ್ ಒತ್ತಿದರು. ಕಟ್ ಎಂದಿತು. ಪಕ್ಕದ ಮನೆಯವರ ನಾಯಿಗೂ ಅದು ಕೇಳಿಸಲಿಲ್ಲ.

ಎರಡನೆಯದಕ್ಕೆ ಮತ್ತೆ ಎಳೆಯಬೇಕು. ಹೆಬ್ಬೆರಳು ಜಾರಿತು. ಇನ್ನೊಮ್ಮೆ ನೋಡಿದರು. ತೆಂಗಿನಕಾಯಿ ಒಡೆದ ಆ ಕೈಗೆ ಆಗಲಿಲ್ಲ. ನಾನು ಹತ್ತಿರ ಹೋಗಿ ಅವರ ಹೆಬ್ಬೆರಳಿನ ಮೇಲೆ ನನ್ನ ಹೆಬ್ಬೆರಳಿಟ್ಟೆ. ಇಬ್ಬರೂ ಸೇರಿ ಹಿಂದಕ್ಕೆ ಎಳೆದೆವು.